ಕೈ ಜೋಮು ಹಿಡಿದರೆ ಮೊದಲು ಬೆರಳು ಎಣಿಸಿ: ಭುಜ, ತೋಳಿನ ನರದ ತೊಂದರೆ ಗುರುತಿಸೋದು ಹೇಗೆ?



ಈ ವಾರ ಗೊಬ್ಬರ, ಕೀಟ, ರೋಗ ಯಾವುದೂ ಇಲ್ಲ. ಇವನ್ನೆಲ್ಲ ನಿಭಾಯಿಸುವ ನಮ್ಮ ಕೈಯ ಬಗ್ಗೆ ಮಾತಾಡೋಣ. ಸ್ಪ್ರೇ ಹೊಡೆಯುವ ದಿನಗಳಲ್ಲಿ "ಭುಜ ಹಿಡ್ಕೊಂಡಿದೆ", "ಕೈ ಜೋಮು ಹಿಡೀತಿದೆ", "ರಾತ್ರಿ ಬೆರಳು ಮರಗಟ್ಟಿ ಎಚ್ಚರ ಆಗುತ್ತೆ" ಅನ್ನೋ ಮಾತು ಎಲ್ಲ ಊರಲ್ಲೂ ಕೇಳುತ್ತೆ. ಹೆಚ್ಚಿನವರು ಒಂದಿಷ್ಟು ಮುಲಾಮು ಹಚ್ಚಿ, ಒಂದು ನೋವಿನ ಮಾತ್ರೆ ನುಂಗಿ, ಮರುದಿನ ಮತ್ತೆ ಸ್ಪ್ರೇಯರ್ ಹೊರ್ತಾರೆ. ಬಹಳಷ್ಟು ಸಲ ಅದು ಬರೀ ಮಾಂಸಖಂಡದ ನೋವು, ನಾಲ್ಕು ದಿನದಲ್ಲಿ ಹೋಗುತ್ತೆ. ಕೆಲವು ಸಲ ಮಾತ್ರ ಅದು ನರದ ತೊಂದರೆ ಆಗಿರುತ್ತೆ. ಅದನ್ನ ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಕೈಯ ಬಲ ವಾಪಸ್ ಬರದೇ ಹೋಗಬಹುದು.

ನಾನು ಓದಿದ್ದು ತೋಟಗಾರಿಕೆ, ವೈದ್ಯಕೀಯ ಅಲ್ಲ. ಚಿಕಿತ್ಸೆ ಹೇಳೋದು ಡಾಕ್ಟರ್ ಕೆಲಸ. ಆದರೆ ಲಕ್ಷಣ ನೋಡಿ ತೊಂದರೆ ಎಲ್ಲಿದೆ ಅಂತ ಅಂದಾಜು ಮಾಡೋದು ರೈತರಿಗೆ ಹೊಸದೇನಲ್ಲ. ಹಳೇ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ, ಚಿಗುರೆಲೆ ಹಳದಿಯಾಗಿ ಅದರ ನಾಳ ಮಾತ್ರ ಹಸಿರು ಉಳಿದರೆ ಕಬ್ಬಿಣದ ಕೊರತೆ ಅಂತ ನೋಡ್ತೀವಲ್ಲ, ಕೈಯಲ್ಲೂ ಅಂಥದ್ದೇ ಒಂದು ಲೆಕ್ಕ ಇದೆ. ಯಾವ ಬೆರಳು ಜೋಮು ಹಿಡಿದಿದೆ, ಯಾವ ಕೆಲಸಕ್ಕೆ ಬಲ ಸಾಲ್ತಿಲ್ಲ, ಇವೆರಡು ಗೊತ್ತಾದರೆ ಯಾವ ನರ ಎಲ್ಲಿ ಸಿಕ್ಕಿಕೊಂಡಿದೆ ಅನ್ನೋದು ಸುಮಾರಾಗಿ ತಿಳಿಯುತ್ತೆ.

ಯಾವುದು ನರ, ಯಾವುದಲ್ಲ?

ನಮ್ಮ ಆಡುಮಾತಲ್ಲಿ ಚರ್ಮದ ಕೆಳಗೆ ನೀಲಿಯಾಗಿ ಕಾಣೋ ರಕ್ತನಾಳವೂ ನರ, ಮಣಿಕಟ್ಟಿನಲ್ಲಿ ಹುರಿಯಂತೆ ಎದ್ದು ಕಾಣೋ ಸ್ನಾಯುರಜ್ಜೂ ನರ. ಬೆನ್ನು ಹಿಡಿದರೂ "ನರ ಎಳೆದಿದೆ" ಅಂತೀವಿ. ಇಲ್ಲಿ ನಾನು ಹೇಳ್ತಿರೋ ನರ ಬೇರೆ. ಅದು ಮಿದುಳಿನ ಆಜ್ಞೆಯನ್ನ ಮಾಂಸಖಂಡಕ್ಕೆ ಒಯ್ಯುವ, ಚರ್ಮದ ಸ್ಪರ್ಶವನ್ನ ಮಿದುಳಿಗೆ ತಲುಪಿಸುವ ತಂತಿ.

ಕೈಯ ನರಗಳು ಹೊರಡೋದು ಕುತ್ತಿಗೆಯಿಂದ. ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಪ್ರತಿ ಬದಿಗೂ 5 ನರದ ಬೇರುಗಳು ಹೊರಗೆ ಬರುತ್ತವೆ. ಅವು ಒಂದಕ್ಕೊಂದು ಹೆಣೆದುಕೊಂಡು ಜಾಲವಾಗಿ, ಕಾಲರ್ ಬೋನ್ ಅಡಿಯಲ್ಲಿ ಹಾದು ಕಂಕುಳಿಗೆ ಬಂದು, ಅಲ್ಲಿಂದ ಕವಲೊಡೆದು ಬೆರಳ ತುದಿವರೆಗೂ ಹೋಗುತ್ತವೆ. ಈ ಜಾಲಕ್ಕೆ ಡಾಕ್ಟರ್‌ಗಳು ಬ್ರೇಕಿಯಲ್ ಪ್ಲೆಕ್ಸಸ್ ಅಂತಾರೆ.

ಡ್ರಿಪ್ ಹಾಕಿದವರಿಗೆ ಇದು ಬೇಗ ಅರ್ಥ ಆಗುತ್ತೆ. ಕೊನೇ ಸಾಲಿನ ಗಿಡ ಬಾಡಿದೆ ಅಂದ್ರೆ ತೊಂದರೆ ಆ ಗಿಡದ ಬುಡದಲ್ಲೇ ಇರಬೇಕು ಅಂತಿಲ್ಲ. ಪೈಪು ಹಿಂದೆ ಎಲ್ಲೋ ಮಡಚಿರಬಹುದು. ಹಾಗೇ ಬೆರಳು ಜೋಮು ಹಿಡಿದರೂ ನರ ಒತ್ತಿಕೊಂಡಿರೋದು ಮಣಿಕಟ್ಟಿನಲ್ಲಿರಬಹುದು, ಮೊಣಕೈಯಲ್ಲಿರಬಹುದು, ಕುತ್ತಿಗೆಯಲ್ಲೂ ಇರಬಹುದು. ಎಲ್ಲಿ ನೋವಿದೆಯೋ ಅಲ್ಲೇ ಎಣ್ಣೆ ತಿಕ್ಕಿದರೆ ಪ್ರಯೋಜನ ಆಗದೇ ಇರೋದು ಇದಕ್ಕೇ.

ನರಕ್ಕೆ ಪೆಟ್ಟಾದಾಗ ಮೂರು ಥರದ ಲಕ್ಷಣ ಕಾಣುತ್ತೆ:

- ಸ್ಪರ್ಶದಲ್ಲಿ ವ್ಯತ್ಯಾಸ: ಜೋಮು, ಇರುವೆ ಹರಿದಂಗೆ ಆಗೋದು, ಬಿಸಿ-ತಣ್ಣಗೆ ಸರಿಯಾಗಿ ಗೊತ್ತಾಗದೇ ಇರೋದು.
- ನೋವು: ಉರಿ, ಕರೆಂಟ್ ಹೊಡೆದಂಗೆ ಮೇಲಿಂದ ಕೆಳಗೆ ಚುಳುಕ್ ಅನ್ನೋದು, ಸೆಳೆತ.
- ಬಲ ಕುಗ್ಗೋದು: ಹಿಡಿದಿದ್ದು ಜಾರೋದು, ಕೈ ಎತ್ತೋಕೆ ಆಗದೇ ಇರೋದು, ಬರ್ತಾ ಬರ್ತಾ ಮಾಂಸಖಂಡ ಸೊರಗೋದು.

ಈ ಮೂರರಲ್ಲಿ ಜನ ಹೆದರೋದು ನೋವಿಗೆ. ಹೆದರಬೇಕಾದ್ದು ಬಲ ಕುಗ್ಗಿದಾಗ. ಬಲ ಹೋಗುವಾಗ ನೋವು ಇರಲೇಬೇಕು ಅಂತಿಲ್ಲ. ಒಂದು ಬಗೆಯ ನರದ ಉರಿಯೂತದಲ್ಲಂತೂ ಭುಜದಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು ಬಂದು, ಕೆಲವು ದಿನ ಅಥವಾ ವಾರಗಳಲ್ಲಿ ಇಳಿಯುತ್ತೆ. "ಅಬ್ಬ, ವಾಸಿ ಆಯ್ತು" ಅಂದುಕೊಳ್ಳೋ ಹೊತ್ತಿಗೆ ಕೈ ಮೇಲೆತ್ತೋಕೆ ಆಗಲ್ಲ. ಹಾಗಾಗಿ ನೋವು ಇಳಿದ ಮೇಲೂ ಕೈಯ ಬಲ ಪರೀಕ್ಷೆ ಮಾಡಿ ನೋಡಿ.

1. ಹೆಬ್ಬೆರಳು, ತೋರುಬೆರಳು, ನಡುಬೆರಳು: ಮಣಿಕಟ್ಟು ನೋಡಿ

ಮಣಿಕಟ್ಟಿನ ಒಳಬದಿಯಲ್ಲಿ ಒಂದು ಇಕ್ಕಟ್ಟಾದ ಸುರಂಗ ಇದೆ. ಬೆರಳು ಮಡಚುವ 9 ಸ್ನಾಯುರಜ್ಜುಗಳ ಜೊತೆ ಮೀಡಿಯನ್ ಅನ್ನೋ ಒಂದು ನರವೂ ಅದರೊಳಗೇ ಹೋಗಬೇಕು. ಕೈಗೆ ಒಂದೇ ಥರದ ಕೆಲಸ ಜಾಸ್ತಿಯಾಗಿ ಒಳಗೆ ಊದಿಕೊಂಡರೆ ನರ ಒತ್ತಿಕೊಳ್ಳುತ್ತೆ. ಇದೇ ಕಾರ್ಪಲ್ ಟನಲ್ ಸಿಂಡ್ರೋಮ್.

ಹೆಬ್ಬೆರಳು, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಭಾಗ ಜೋಮು ಹಿಡಿಯುತ್ತೆ. ಕಿರುಬೆರಳು ಚೆನ್ನಾಗೇ ಇರುತ್ತೆ. ರಾತ್ರಿ ಜಾಸ್ತಿ. ನಿದ್ದೆಯಿಂದ ಎದ್ದು ಕೈ ಕೊಡವಿದರೆ ಸ್ವಲ್ಪ ಆರಾಮ ಅನ್ನಿಸುತ್ತೆ. ಬೈಕ್ ಓಡಿಸುವಾಗ, ಫೋನ್ ಹಿಡಿದಾಗಲೂ ಶುರುವಾಗುತ್ತೆ. ಬಹಳ ದಿನ ಬಿಟ್ಟರೆ ಹೆಬ್ಬೆರಳ ಬುಡದ ಉಬ್ಬಿದ ಮಾಂಸ ಚಪ್ಪಟೆಯಾಗುತ್ತೆ, ಅಂಗಿಯ ಗುಂಡಿ ಹಾಕೋದೂ ಕಷ್ಟ ಆಗುತ್ತೆ.

ಕೈಯಲ್ಲೇ ಹಾಲು ಕರೆಯೋರು, ದ್ರಾಕ್ಷಿ-ದಾಳಿಂಬೆ ಚಾಟನಿಯಲ್ಲಿ ದಿನವಿಡೀ ಕತ್ತರಿ ಹಿಡಿಯೋರು, ನರ್ಸರಿಯಲ್ಲಿ ಕಸಿ ಕಟ್ಟೋರು, ವೀಡ್ ಕಟರ್ ಓಡಿಸೋರು ಇದರ ಮೇಲೆ ಗಮನ ಇಡಬೇಕು. ಹೆಂಗಸರಲ್ಲಿ ಇದು ಹೆಚ್ಚು, ಅದರಲ್ಲೂ ಬಸುರಿಯಾಗಿದ್ದಾಗ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದರೂ ಬರುತ್ತೆ. ಮನೆಯಲ್ಲಿ ಅಮ್ಮನೋ ಅತ್ತಿಗೆಯೋ "ರಾತ್ರಿ ಕೈ ಜೋಮು" ಅಂದರೆ "ಕೆಲಸ ಜಾಸ್ತಿ ಆಗಿರಬೇಕು" ಅಂತ ಬಿಟ್ಟುಬಿಡಬೇಡಿ. ಶುರುವಿನಲ್ಲೇ ತೋರಿಸಿದರೆ ರಾತ್ರಿ ಹೊತ್ತು ಮಣಿಕಟ್ಟಿಗೆ ಹಾಕೋ ಪಟ್ಟಿಯಲ್ಲೇ ಎಷ್ಟೋ ಜನಕ್ಕೆ ಕಡಿಮೆಯಾಗುತ್ತೆ.

2. ಕಿರುಬೆರಳು, ಉಂಗುರ ಬೆರಳು: ಮೊಣಕೈ ನೋಡಿ

ಮೊಣಕೈ ಎಲ್ಲಾದ್ರೂ ತಗುಲಿದಾಗ ಕಿರುಬೆರಳವರೆಗೆ ಕರೆಂಟ್ ಹೊಡೆದಂಗೆ ಆಗುತ್ತಲ್ಲ, ಅದು ಅಲ್ನರ್ ನರ. ಮೊಣಕೈ ಒಳಬದಿಯಲ್ಲಿ, ಮೂಳೆಯ ಹಿಂದಿನ ಸಣ್ಣ ಕಾಲುವೆಯಲ್ಲಿ, ಚರ್ಮಕ್ಕೆ ತೀರಾ ಹತ್ತಿರ ಹೋಗುತ್ತೆ. ಮೊಣಕೈ ಮಡಚಿದಷ್ಟೂ ಅದು ಬಿಗಿಯುತ್ತೆ. ಕೈ ಮಡಚಿ ಗಂಟೆಗಟ್ಟಲೆ ಮೊಬೈಲ್ ನೋಡೋದು, ಮೊಣಕೈ ಊರಿ ಮಲಗೋದು ಇದಕ್ಕೆ ದಾರಿ.

ಮೊದಲು ಕಿರುಬೆರಳು ಜೋಮು. ಆಮೇಲೆ ಹಿಡಿತ ಸಡಿಲ: ಗುದ್ದಲಿ ಜಾರುತ್ತೆ, ಬೀಗದ ಕೈ ತಿರುಗಿಸೋಕೆ ಕಷ್ಟ. ಹೆಬ್ಬೆರಳು-ತೋರುಬೆರಳ ನಡುವಿನ ಮಾಂಸ ಕರಗಿ ಗುಳಿ ಬಿದ್ದಿದ್ದರೆ ತೊಂದರೆ ಹಳೆಯದು ಅಂತ ಅರ್ಥ.

ಇಲ್ಲಿ ಇನ್ನೊಂದು ಮಾತು. ನಮ್ಮ ದೇಶದಲ್ಲಿ ಕುಷ್ಠರೋಗ ಇನ್ನೂ ಇದೆ. ಅದು ಹೆಚ್ಚಾಗಿ ಹಿಡಿಯೋ ನರಗಳಲ್ಲಿ ಇದೂ ಒಂದು. ಮೊಣಕೈ ಹಿಂದೆ ನರ ಹಗ್ಗದಂತೆ ದಪ್ಪ ಆಗಿದ್ದರೆ, ಮೈಮೇಲೆ ಸ್ಪರ್ಶ ಗೊತ್ತಾಗದ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಇದ್ದರೆ, ಬಿಸಿ ಪಾತ್ರೆ ಮುಟ್ಟಿ ಬೊಬ್ಬೆ ಎದ್ದರೂ ನೋವು ಗೊತ್ತಾಗದಿದ್ದರೆ ಮುಚ್ಚಿಡಬೇಡಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಇದಕ್ಕೆ ಉಚಿತವಾಗಿ ಮಾತ್ರೆ ಕೊಡ್ತಾರೆ. ರೋಗ ಪೂರ್ತಿ ವಾಸಿಯಾಗುತ್ತೆ. ನಾಚಿಕೆಪಟ್ಟು ತಡ ಮಾಡಿದರೆ ಉಳಿಯೋದು ಬೆರಳಿನ ಊನ ಮಾತ್ರ.

3. ಮಣಿಕಟ್ಟು ಜೋತುಬಿದ್ದರೆ: ತೋಳು ನೋಡಿ

ಬೆಳಿಗ್ಗೆ ಎದ್ದಾಗ ಅಂಗೈ ಕೆಳಕ್ಕೆ ಜೋತುಬಿದ್ದಿದೆ, ಮಣಿಕಟ್ಟು ಮೇಲೆತ್ತೋಕೆ ಆಗ್ತಿಲ್ಲ. ಇದು ರೇಡಿಯಲ್ ನರ. ಇದು ತೋಳಿನ ಮೂಳೆಗೆ ಬಳ್ಳಿಯಂತೆ ಸುತ್ತಿಕೊಂಡು ಹೋಗುತ್ತೆ. ಸುಸ್ತಾಗಿಯೋ ಕುಡಿದೋ ಕುರ್ಚಿಯ ಬೆನ್ನಿಗೆ ತೋಳು ನೇತುಹಾಕಿ ನಿದ್ದೆ ಹೋದರೆ ಅಲ್ಲಿ ಒತ್ತಿಕೊಳ್ಳುತ್ತೆ. ತೋಳಿನ ಮೂಳೆ ಮುರಿದಾಗಲೂ ಪೆಟ್ಟಾಗುತ್ತೆ. ಬರೀ ಒತ್ತಡದಿಂದ ಆಗಿದ್ದರೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಸಾಮಾನ್ಯವಾಗಿ ಸರಿಹೋಗುತ್ತೆ. ಆದರೆ ಇದ್ದಕ್ಕಿದ್ದಂತೆ ಕೈ ಬಿದ್ದರೆ ಅದು ಲಕ್ವ ಅಲ್ಲ ಅಂತ ಖಚಿತ ಆಗಬೇಕು. ಅದಕ್ಕೆ ಅವತ್ತೇ ತೋರಿಸಿ.

4. ಸ್ಪ್ರೇಯರ್ ಪಟ್ಟಿ ಮತ್ತು ಭುಜ

16 ಲೀಟರಿನ ಬ್ಯಾಟರಿ ಸ್ಪ್ರೇಯರ್ ತುಂಬಿದರೆ ನೀರೇ 16 ಕಿಲೋ. ಯಂತ್ರ, ಬ್ಯಾಟರಿ ಸೇರಿದರೆ 20 ಕಿಲೋ ಹತ್ತಿರ. ಒಳಗಿರೋದು ಜೀವಾಮೃತವೋ, ಬೇವಿನೆಣ್ಣೆಯೋ, ಬೋರ್ಡೋ ದ್ರಾವಣವೋ, ಭುಜಕ್ಕೆ ತೂಕ ಒಂದೇ! ಆ ತೂಕ ಎರಡು ತೆಳ್ಳಗಿನ ಪಟ್ಟಿಗಳ ಮೂಲಕ ಕಾಲರ್ ಬೋನ್ ಮೇಲೆ, ಅಂದರೆ ನರದ ಜಾಲ ಹಾದುಹೋಗುವ ಜಾಗದ ಮೇಲೆ ಕೂರುತ್ತೆ. ಭಾರದ ಚೀಲ ಹೊತ್ತು ನಡೆಯೋ ಸೈನಿಕರಲ್ಲಿ, ಚಾರಣಿಗರಲ್ಲಿ ವೈದ್ಯರು ಬಹಳ ಹಿಂದೆಯೇ ಗುರುತಿಸಿರೋ ತೊಂದರೆ ಇದು.

ಇದರಲ್ಲಿ ನೋವು ಕಡಿಮೆ, ಬಲಹೀನತೆ ಜಾಸ್ತಿ. ಟ್ಯಾಂಕ್ ಇಳಿಸಿದ ಮೇಲೂ ತೋಳು ಪಕ್ಕಕ್ಕೆ ಎತ್ತೋಕೆ, ಮೊಣಕೈ ಮಡಚೋಕೆ ಬಲ ಸಾಲಲ್ಲ. ತೋಳಿನ ಹೊರಬದಿ ಜೋಮು. ಕೆಲವರಲ್ಲಿ ಬೆನ್ನಿನ ಮೇಲ್ಭಾಗದ ರೆಕ್ಕೆಯಂಥ ಮೂಳೆಯನ್ನ ಪಕ್ಕೆಲುಬಿಗೆ ಅಂಟಿಸಿಡುವ ಸ್ನಾಯುವಿನ ನರಕ್ಕೇ ಪೆಟ್ಟಾಗುತ್ತೆ. ಆಗ ಗೋಡೆಗೆ ಎರಡೂ ಕೈ ಊರಿ ತಳ್ಳಿದರೆ ಆ ಬದಿಯ ಮೂಳೆ ಹಿಂದಕ್ಕೆ ಎದ್ದು ನಿಲ್ಲುತ್ತೆ. ಇದು ನಮ್ಮ ಕಣ್ಣಿಗೆ ಕಾಣಲ್ಲ, ಬೇರೆಯವರು ಹಿಂದಿನಿಂದ ನೋಡಿ ಹೇಳಬೇಕು. ಬೇಗ ಗುರುತಿಸಿ ಭಾರ ಹೊರೋದು ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರ-ತಿಂಗಳುಗಳಲ್ಲಿ ಬಲ ಮರಳುತ್ತೆ.

ಫ್ರೋಜನ್ ಶೋಲ್ಡರ್ ಬೇರೆ. ವ್ಯತ್ಯಾಸ ತಿಳಿಯೋಕೆ ಸುಲಭ ಉಪಾಯ: ನಿಮ್ಮ ತೋಳನ್ನ ಸಡಿಲ ಬಿಟ್ಟು ಬೇರೆಯವರಿಗೆ ನಿಧಾನ ಎತ್ತೋಕೆ ಹೇಳಿ. ಅವರು ಎತ್ತಿದರೂ ಮೇಲೇಳದೆ ಬಿಗಿಯಾಗಿ ನಿಂತರೆ ತೊಂದರೆ ಕೀಲಿನದು. ಅವರು ಎತ್ತಿದಾಗ ಪೂರ್ತಿ ಏಳುತ್ತೆ, ನೀವಾಗಿ ಎತ್ತೋಕೆ ಆಗಲ್ಲ ಅಂದರೆ ನರ ಅಥವಾ ಹರಿದ ಸ್ನಾಯುರಜ್ಜು.

5. ಕುತ್ತಿಗೆಯಿಂದ ಇಳಿಯುವ ನೋವು

ಕುತ್ತಿಗೆಯ ಮೂಳೆಗಳ ನಡುವಿನ ಡಿಸ್ಕ್ ಸರಿದರೆ ಅಥವಾ ಮೂಳೆ ಬೆಳೆದು ದಾರಿ ಇಕ್ಕಟ್ಟಾದರೆ ನರದ ಬೇರೇ ಒತ್ತಿಕೊಳ್ಳುತ್ತೆ. ನೋವು ಕುತ್ತಿಗೆಯಲ್ಲಿ ಶುರುವಾಗಿ ಬೆನ್ನಿನ ಮೇಲ್ಭಾಗ, ಭುಜ, ತೋಳು ಹಾದು ಬೆರಳಿಗೆ ಇಳಿಯುತ್ತೆ. ತಲೆ ಮೇಲೆತ್ತಿ ನೋವಿರೋ ಬದಿಗೆ ತಿರುಗಿಸಿದರೆ ಜಾಸ್ತಿ. ಕೈಯನ್ನ ತಲೆ ಮೇಲೆ ಇಟ್ಟುಕೊಂಡರೆ ಕೆಲವರಿಗೆ ಆರಾಮ.

ಅಡಿಕೆ ಸೀಮೆಯಲ್ಲಿ ಈಗ ಮರ ಹತ್ತೋ ಬದಲು ಫೈಬರ್ ದೋಟಿ ಬಂದಿದೆ. ಬೀಳೋ ಅಪಾಯ ತಪ್ಪಿದೆ, ಒಳ್ಳೇದೇ. ಆದರೆ ಇಡೀ ದಿನ ಕತ್ತು ಮೇಲೆತ್ತಿ ನಿಲ್ಲೋ ಕೆಲಸ ಅದು. ಕತ್ತು ಹಿಂದಕ್ಕೆ ಬಾಗಿದಾಗ ನರ ಹೊರಬರುವ ಕಿಂಡಿ ಕಿರಿದಾಗುತ್ತೆ. ಮೊದಲೇ ಕುತ್ತಿಗೆ ನೋವಿದ್ದವರು ದೋಟಿ ಹಿಡಿಯೋ ಮುಂಚೆ ಡಾಕ್ಟರ್ ಹತ್ರ ಕೇಳೋದು ಒಳ್ಳೇದು. ತಲೆ ಮೇಲೆ ಹುಲ್ಲು, ಗೊಬ್ಬರದ ಹೊರೆ ಹೊರೋರಿಗೂ ಇದೇ ಮಾತು.

6. ಬಿದ್ದ ಮೇಲೆ ಕೈ ಜೋತುಬಿದ್ದರೆ

ಎಲ್ಲಕ್ಕಿಂತ ದೊಡ್ಡ ಪೆಟ್ಟು ಇದು. ಬೈಕಿನಿಂದ, ಮರದಿಂದ ಬಿದ್ದಾಗ ತಲೆ ಒಂದು ಕಡೆ, ಭುಜ ಇನ್ನೊಂದು ಕಡೆ ಎಳೆದರೆ ನರದ ಜಾಲ ಜಗ್ಗುತ್ತೆ, ಹರಿಯುತ್ತೆ, ಕೆಲವು ಸಲ ಬೆನ್ನುಹುರಿಯಿಂದ ಬೇರುಸಹಿತ ಕಿತ್ತುಬರುತ್ತೆ. ಒಕ್ಕಣೆ ಯಂತ್ರದ ಬೆಲ್ಟಿಗೆ ಕೈ ಸಿಕ್ಕಿ ಎಳೆದರೂ ಹೀಗೇ ಆಗಬಹುದು. ಎಕ್ಸ್‌ರೇಯಲ್ಲಿ ಮೂಳೆ ಸರಿ ಇದೆ, ಆದರೆ ಕೈ ಏಳ್ತಿಲ್ಲ. ಅದೇ ಬದಿಯ ಕಣ್ಣಿನ ರೆಪ್ಪೆ ಸ್ವಲ್ಪ ಇಳಿಬಿದ್ದು, ಪಾಪೆ ಚಿಕ್ಕದಾಗಿ ಕಂಡರೆ ಬೇರು ಕಿತ್ತಿರೋ ಸಾಧ್ಯತೆ ಜಾಸ್ತಿ.

"ಮೂಳೆ ಮುರಿದಿಲ್ಲವಲ್ಲ, ಎಣ್ಣೆ ನೀವಿಸಿದ್ರೆ ಸರಿಹೋಗುತ್ತೆ" ಅಂತ ಉಳುಕು ತೆಗೆಯೋರ ಹತ್ರ ತಿಂಗಳುಗಟ್ಟಲೆ ಅಲೆದು, ಕೊನೆಗೆ ಆಸ್ಪತ್ರೆಗೆ ಬರೋದು ಇಲ್ಲೇ.

ತಡ ಮಾಡಬಾರದು ಯಾಕೆ?

ಹರಿದ ನರ ಮತ್ತೆ ಬೆಳೆಯೋದು ದಿನಕ್ಕೆ ಸುಮಾರು 1 ಮಿಲಿಮೀಟರ್. ತಿಂಗಳಿಗೆ ಒಂದು ಇಂಚು ಅಂದುಕೊಳ್ಳಿ. ಕುತ್ತಿಗೆಯಿಂದ ಅಂಗೈವರೆಗೆ 70 ಸೆಂಟಿಮೀಟರ್ ಅಂತಿಟ್ಟರೆ 700 ದಿನ, ಹೆಚ್ಚುಕಮ್ಮಿ ಎರಡು ವರ್ಷ. ಇತ್ತ ನರದ ಸಂಪರ್ಕ ಇಲ್ಲದ ಮಾಂಸಖಂಡ ಅಷ್ಟು ದಿನ ಕಾಯಲ್ಲ. 12ರಿಂದ 18 ತಿಂಗಳು ಕಳೆದರೆ ಅದು ಸೊರಗಿ ನಾರಾಗುತ್ತೆ. ಆಮೇಲೆ ನರ ಬಂದು ಮುಟ್ಟಿದರೂ ಕೆಲಸ ಮಾಡಲ್ಲ. ಕಾಲುವೆ ನೀರು ಬರೋ ಹೊತ್ತಿಗೆ ಪೈರು ಒಣಗಿಹೋಗಿದ್ದ ಹಾಗೆ.

ಅದಕ್ಕೇ ಜಾಲದ ನರ ಹರಿದವರಿಗೆ ಶಸ್ತ್ರಚಿಕಿತ್ಸೆ ಬೇಕಿದ್ದರೆ 3ರಿಂದ 6 ತಿಂಗಳೊಳಗೆ ಮಾಡಿದರೆ ಫಲ ಚೆನ್ನಾಗಿರುತ್ತೆ. ವರ್ಷ ದಾಟಿದ ಮೇಲೆ ಅವಕಾಶ ತೀರಾ ಕಡಿಮೆ. ಕುಡುಗೋಲು, ಮಚ್ಚಿನ ಗಾಯ ಆದಾಗ ಗಾಯದಿಂದ ಮುಂದಿನ ಬೆರಳಿಗೆ ಸ್ಪರ್ಶ ಗೊತ್ತಾಗ್ತಿಲ್ಲ ಅಂದರೆ ಹೊಲಿಗೆ ಹಾಕೋ ಮುಂಚೆಯೇ ಡಾಕ್ಟರ್‌ಗೆ ಹೇಳಿ. ಕತ್ತರಿಸಿದ ನರವನ್ನ ಕೆಲವೇ ದಿನದೊಳಗೆ ಜೋಡಿಸಿದರೆ ಒಳ್ಳೇದು.

ಕಾಯಲೇಬಾರದ ಸಂದರ್ಭಗಳು

- ಎಡಗೈ ಅಥವಾ ಭುಜದ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟಕ್ಕೆ ಕಷ್ಟ: ಹೃದಯದ ತೊಂದರೆ ಇರಬಹುದು. ಕೂಡಲೇ 108ಕ್ಕೆ ಫೋನ್ ಮಾಡಿ.
- ಇದ್ದಕ್ಕಿದ್ದಂತೆ ಕೈ ಬಲ ಹೋಗಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ: ಲಕ್ವ. ಹೆಪ್ಪು ಕರಗಿಸೋ ಇಂಜೆಕ್ಷನ್ ಸಿಗಬೇಕಾದ್ರೆ ನಾಲ್ಕೂವರೆ ಗಂಟೆಯೊಳಗೆ ದೊಡ್ಡ ಆಸ್ಪತ್ರೆಯಲ್ಲಿರಬೇಕು.
- ಎರಡೂ ಕೈ ತಡವರಿಸೋದು, ನಡೆಯುವಾಗ ಕಾಲು ಎಡವೋದು, ಮೂತ್ರದ ಹತೋಟಿ ತಪ್ಪೋದು: ಬೆನ್ನುಹುರಿಯೇ ಒತ್ತಿಕೊಂಡಿರಬಹುದು.
- ಪೆಟ್ಟಾದ ಮೇಲೆ ಕೈ ಜೋತುಬಿದ್ದರೆ, ತಣ್ಣಗಾಗಿ ಬಿಳಿಚಿಕೊಂಡರೆ: ರಕ್ತನಾಳಕ್ಕೂ ಪೆಟ್ಟಾಗಿರಬಹುದು.

ಇವು ಯಾವುದೂ ಇಲ್ಲ, ಬರೀ ಜೋಮು ಅಂದರೆ ಎರಡು ಮೂರು ವಾರ ಕೆಲಸ ಬದಲಿಸಿ ನೋಡಬಹುದು. ಕಡಿಮೆ ಆಗದಿದ್ದರೆ ತೋರಿಸಿ. ಬಲ ಕುಗ್ಗಿದ್ದರೆ, ಮಾಂಸ ಸೊರಗಿದ್ದರೆ ಕಾಯೋದು ಬೇಡ.

ಡಾಕ್ಟರ್ ಹತ್ರ ಹೋಗೋ ಮುಂಚೆ ಮೊಬೈಲ್ ಬಳಸಿ

ಡಾಕ್ಟರ್ ಎದುರು ಕೂತಾಗ "ಕೈ ಪೂರ್ತಿ ಜೋಮು ಸಾರ್" ಅಂದುಬಿಡ್ತೀವಿ. ಅದರಿಂದ ಅವರಿಗೆ ಏನೂ ತಿಳಿಯಲ್ಲ. ಹೀಗೆ ಮಾಡಿ:

- ಜೋಮು ಇರುವಾಗಲೇ ಪೆನ್ನಿನಿಂದ ಕೈಮೇಲೆ ಗಡಿ ಎಳೆದು ಫೋಟೋ ತೆಗೀರಿ. ಅಂಗೈ, ಹಿಂಗೈ ಎರಡೂ ಇರಲಿ.
- ಕೈ ಎತ್ತೋದು, ಗೋಡೆ ತಳ್ಳೋದು ವಿಡಿಯೋ ಮಾಡಿಸಿ.
- ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಫೋಟೋ ತೆಗೆದು ಮಾಂಸ ಸೊರಗಿದೆಯಾ ಹೋಲಿಸಿ.
- ಯಾವಾಗ ಶುರು, ರಾತ್ರಿ ಜಾಸ್ತಿಯೋ ಹಗಲೋ, ಯಾವ ಯಂತ್ರ ಎಷ್ಟು ಹೊತ್ತು ಹಿಡೀತೀರಿ ಅಂತ ಬರೆದಿಟ್ಟುಕೊಳ್ಳಿ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ.

ಡಾಕ್ಟರ್ ಬೇಕು ಅಂದರೆ ನರದ ವೇಗ ಅಳೆಯೋ ಎನ್‌ಸಿಎಸ್, ಇಎಂಜಿ ಪರೀಕ್ಷೆ ಬರೀತಾರೆ. ಪೆಟ್ಟಾದ ಮೊದಲ ದಿನಗಳಲ್ಲಿ ಇದರಲ್ಲಿ ಎಲ್ಲಾ ಕಾಣಲ್ಲ, ಎರಡು ಮೂರು ವಾರ ಬೇಕು. ಹಾಗಂತ ಡಾಕ್ಟರ್‌ಗೆ ತೋರಿಸೋದನ್ನೇ ಮುಂದೂಡಬೇಡಿ. ಬೆಂಗಳೂರಿನ ನಿಮ್ಹಾನ್ಸ್ ನರರೋಗಕ್ಕೇ ಇರುವ ದೊಡ್ಡ ಸರ್ಕಾರಿ ಸಂಸ್ಥೆ. ಅಷ್ಟು ದೂರ ಹೋಗೋ ಮುಂಚೆ ಜಿಲ್ಲಾ ಆಸ್ಪತ್ರೆಯಲ್ಲೋ ಹತ್ತಿರದ ಮೆಡಿಕಲ್ ಕಾಲೇಜಿನಲ್ಲೋ ತೋರಿಸಿ.

ಕೆಲಸದಲ್ಲಿ ಬದಲಿಸಬೇಕಾದ್ದು

- ಟ್ಯಾಂಕ್ ಪೂರ್ತಿ ತುಂಬಬೇಡಿ, 10 ಲೀಟರ್ ಸಾಕು. ಎರಡು ಸುತ್ತು ಜಾಸ್ತಿ ಆಗುತ್ತೆ, ಅಷ್ಟೇ.
- ಅಗಲವಾದ, ಮೆತ್ತೆ ಇರುವ ಪಟ್ಟಿ ಹಾಕಿಸಿ. ಸೊಂಟಕ್ಕೂ ಬೆಲ್ಟ್ ಇದ್ದರೆ ಭಾರ ಭುಜದಿಂದ ಇಳಿಯುತ್ತೆ.
- ನೆಲದಿಂದ ಎತ್ತಿ ಬೆನ್ನಿಗೆ ಎಸೆದುಕೊಳ್ಳಬೇಡಿ. ಬದು, ಕಟ್ಟೆ ಮೇಲಿಟ್ಟು ಹೊತ್ತುಕೊಳ್ಳಿ.
- ವೀಡ್ ಕಟರ್‌ಗೆ ಎರಡೂ ಭುಜದ ಪಟ್ಟಿ ಹಾಕಿ. ಬ್ಲೇಡ್ ಹರಿತ ಇರಲಿ, ಹಿಡಿ ಬಿಗಿಯಾಗಿ ಹಿಡಿಯಬೇಡಿ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ.
- ಕತ್ತರಿ ಕೆಲಸ, ಹಾಲು ಕರೆಯೋದು ಒಬ್ಬರ ಮೇಲೇ ಬೀಳದಂತೆ ಮನೆಯವರು ಹಂಚಿಕೊಳ್ಳಿ.
- ದೋಟಿ ಹಿಡಿಯೋರು ಸರದಿ ಮಾಡ್ಕೊಳ್ಳಿ.

ಸ್ಪ್ರೇಯರ್ ಕೆಟ್ಟರೆ ರಿಪೇರಿಗೆ ಅವತ್ತೇ ಪೇಟೆಗೆ ಓಡ್ತೀವಿ. ಕೈಗೂ ಅಷ್ಟು ಅವಸರ ಮಾಡಿ. ಇವತ್ತು ರಾತ್ರಿ ಮಲಗೋ ಮುಂಚೆ ನಿಮ್ಮ ಮತ್ತು ಮನೆಯವರ ಎರಡೂ ಅಂಗೈ ಒಮ್ಮೆ ಬೆಳಕಿನಲ್ಲಿ ನೋಡಿ. ಜೋಮು ಇದ್ದರೆ ಯಾವ್ಯಾವ ಬೆರಳು ಅಂತ ಎಣಿಸಿ, ಬರೆದಿಟ್ಟುಕೊಳ್ಳಿ.

ಮುಂದಿನ ವಾರ ಮತ್ತೆ ತೋಟಕ್ಕೆ ವಾಪಸ್ ಹೋಗೋಣ.